ಕಂಡದ್ದೆಲ್ಲ ಕಯೋಟಿಯಲ್ಲ

ಫೆಬ್ರವರಿಯ ರಾತ್ರಿ. ಟೆಕ್ಸಾಸ್‌ನ ಉತ್ತರದ ಬಯಲಿನಲ್ಲಿ ಹತ್ತಿ ಬಿಡಿಸಿ ಮುಗಿದ ಹೊಲ. ಚಂದ್ರನಿಲ್ಲ. ಟ್ರಕ್ಕನ್ನು ದೂರದ ಬೇಲಿಯ ಮರೆಯಲ್ಲಿ ಬಿಟ್ಟು ಇಬ್ಬರು ಸದ್ದಿಲ್ಲದೆ ನಡೆದು ಬಂದು, ಬೀಸುವ ಗಾಳಿಗೆ ಎಡಗೆನ್ನೆ ಕೊಟ್ಟು ಕೂತಿದ್ದಾರೆ. ಮುಕ್ಕಾಲಿಯ ಮೇಲೆ ಬಂದೂಕು. ನಲವತ್ತು ಮಾರು ಮುಂದೆ ಇಟ್ಟು ಬಂದ ಪುಟ್ಟ ಸ್ಪೀಕರಿನಿಂದ ಗಾಯಗೊಂಡ ಮೊಲದ ಚೀರಾಟ ಹೊರಡುತ್ತದೆ, ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಬರಿಗಣ್ಣಿಗೆ ಏನೂ ಇಲ್ಲ. ಒಬ್ಬನ ಕೈಯಲ್ಲಿರುವ ಥರ್ಮಲ್ ದುರ್ಬೀನಿನೊಳಗೆ ಮಾತ್ರ, ಹೊಲದ ಆ ಕೊನೆಯಲ್ಲಿ, ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಯೊಂದು ಮೂಡುತ್ತದೆ. ಅದು ಸದ್ದಿನತ್ತ ನೇರವಾಗಿ ಬರುವುದಿಲ್ಲ. ಬಳಸಿಕೊಂಡು ಬಲಕ್ಕೆ ಸರಿದು, ಸ್ಪೀಕರಿನ ಮೇಲಿಂದ ಹಾದುಬರುವ ಗಾಳಿಯನ್ನು ಮೂಸಲು ನೋಡುತ್ತದೆ. ಅಕ್ಕಿಕಾಳು ಅವರೆಕಾಳಾಗಿ, ಕಾಳಿಗೆ ಕಾಲು ಮೂಡಿ, ಬಾಲ ಮೂಡುತ್ತದೆ. ಕಯೋಟಿ ಇರಬಹುದು. ಪಕ್ಕದ ರ‍್ಯಾಂಚಿನವರ ನಾಯಿಯೂ ಇರಬಹುದು.

ಅಮೆರಿಕದಲ್ಲಿ ಕಯೋಟಿಯ ಇರುಳು ಬೇಟೆಯ ಕುರಿತು ನಡೆಯುವ ವಾದಗಳೆಲ್ಲ, ಉಪಕರಣದ್ದಾಗಲಿ, ಕಾನೂನಿನದಾಗಲಿ, ಜೀವವಿಜ್ಞಾನದ್ದಾಗಲಿ, ತಿರುಗಿ ತಿರುಗಿ ಬಂದು ನಿಲ್ಲುವುದು ಈ ‘ಇರಬಹುದು’ ಎಂಬಲ್ಲಿಗೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ನಮ್ಮ ಗಾದೆಯನ್ನು ಕೈಯಲ್ಲಿ ಹಿಡಿದು ಈ ವಾದಗಳನ್ನೊಮ್ಮೆ ಸುತ್ತಿ ಬರಬಹುದು.

ನರಿಯೂ ಅಲ್ಲ, ತೋಳವೂ ಅಲ್ಲ

ಕಯೋಟಿಗೆ ಕನ್ನಡದಲ್ಲಿ ಹೆಸರಿಲ್ಲ, ಇರಬೇಕಾಗಿಯೂ ಇರಲಿಲ್ಲ. ಗಾತ್ರದಲ್ಲಿ ನಮ್ಮ ಗುಳ್ಳೆನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ತೂಕ ಸಾಮಾನ್ಯವಾಗಿ ಒಂಬತ್ತರಿಂದ ಇಪ್ಪತ್ತು ಕಿಲೋ. ಹೆಸರು ಮೆಕ್ಸಿಕೋದ ನಾವಾಟ್ಲ್ ಭಾಷೆಯ ‘ಕೊಯೋಟ್ಲ್’ ಎಂಬುದರಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. 1804ರಲ್ಲಿ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಇದನ್ನು ಹುಲ್ಲುಗಾವಲಿನ ತೋಳವೆಂದು ಕರೆಯಿತು. 1823ರಲ್ಲಿ ಥಾಮಸ್ ಸೇ ಎಂಬ ನಿಸರ್ಗ ವಿಜ್ಞಾನಿ ‘ಕ್ಯಾನಿಸ್ ಲೇಟ್ರಾನ್ಸ್’ ಎಂದು ನಾಮಕರಣ ಮಾಡಿದ. ಬೊಗಳುವ ನಾಯಿ ಎಂದು ಅರ್ಥ. ಅಲ್ಲಿನ ಮೂಲನಿವಾಸಿಗಳ ಕತೆಗಳಲ್ಲಿ ಮಾತ್ರ ಇದಕ್ಕೆ ನಮ್ಮ ಪಂಚತಂತ್ರದ ನರಿಗಿಂತ ದೊಡ್ಡ ಪಾತ್ರವಿದೆ. ಠಕ್ಕನೂ ಇವನೇ, ಪೆದ್ದನೂ ಇವನೇ, ಲೋಕೋಪಕಾರಿಯೂ ಇವನೇ. ಉತ್ತರ ಕ್ಯಾಲಿಫೋರ್ನಿಯಾದ ಕರೂಕ್ ಜನ ಹೇಳುವ ಕತೆಯಲ್ಲಿ ಮನುಷ್ಯರಿಗಾಗಿ ಬೆಂಕಿ ಕದ್ದು ತಂದವನು ಕಯೋಟಿ.

ಇದರ ಮೂಲ ನೆಲೆ ಖಂಡದ ನಡುವಿನ ಹುಲ್ಲುಗಾವಲು ಮತ್ತು ಪಶ್ಚಿಮದ ಮರುಭೂಮಿ. ಇಂದು ಹವಾಯಿ ಬಿಟ್ಟು ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ಉತ್ತರದಲ್ಲಿ ಅಲಾಸ್ಕ, ದಕ್ಷಿಣದಲ್ಲಿ ಪನಾಮ. ತೋಳಗಳನ್ನು ಕೊಂದು ಮುಗಿಸಿದ, ಕಾಡು ಕಡಿದು ಹೊಲ ಮಾಡಿದ ಮನುಷ್ಯನೇ ಇದಕ್ಕೆ ದಾರಿ ಬಿಟ್ಟುಕೊಟ್ಟ. ಪೂರ್ವಕ್ಕೆ ಹೋಗುತ್ತ ಇವು ಅಳಿದುಳಿದ ತೋಳಗಳ, ನಾಯಿಗಳ ರಕ್ತವನ್ನೂ ಬೆರೆಸಿಕೊಂಡವು. ಹಾಗಾಗಿ ಪೂರ್ವದ ಕಯೋಟಿ ಪಶ್ಚಿಮದ್ದಕ್ಕಿಂತ ದೊಡ್ಡದು. ಶಿಕಾಗೋ ನಗರದೊಳಗೇ ಇವು ಮನೆ ಮಾಡಿವೆ, 2000ದಿಂದ ಅಲ್ಲಿ ಇವುಗಳ ಅಧ್ಯಯನ ನಡೆಯುತ್ತಿದೆ. ಊರಿನ ಕಯೋಟಿ ಕಾಡಿನದ್ದಕ್ಕಿಂತ ಹೆಚ್ಚು ರಾತ್ರಿಸಂಚಾರಿ. ಜನ ಮಲಗಿದ ಮೇಲೆ ಬೀದಿ ಅದರದ್ದು.

ನೂರು ವರ್ಷದ ಯುದ್ಧ

ಕುರಿ ಸಾಕುವವರಿಗೆ ಕಯೋಟಿ ಕತೆಯ ಪಾತ್ರವಲ್ಲ. ಅಮೆರಿಕದ ಕೃಷಿ ಇಲಾಖೆಯ ಸಮೀಕ್ಷೆಗಳ ಪ್ರಕಾರ ಕಾಡುಪ್ರಾಣಿಗಳ ಬಾಯಿಗೆ ಹೋಗುವ ಕುರಿಗಳಲ್ಲಿ ಅರ್ಧಕ್ಕೂ ಹೆಚ್ಚು ಹೋಗುವುದು ಕಯೋಟಿಯಿಂದ, ಮರಿಗಳಲ್ಲಂತೂ ಆ ಪಾಲು ಇನ್ನೂ ಜಾಸ್ತಿ. ಬೆಳಗ್ಗೆ ಎದ್ದು ಹೋದರೆ ಕುತ್ತಿಗೆಯಲ್ಲಿ ಹಲ್ಲಿನ ತೂತು ಬಿದ್ದ ನಾಲ್ಕು ಮರಿ ಸತ್ತು ಬಿದ್ದಿರುವುದನ್ನು ಕಂಡ ರ‍್ಯಾಂಚಿನವನಿಗೆ ಪರಿಸರ ಸಮತೋಲನದ ಪಾಠ ಹೇಳುವುದು ಸುಲಭವಲ್ಲ.

ಈ ಸಿಟ್ಟಿಗೆ ಸರ್ಕಾರ ಕೈಜೋಡಿಸಿತು. 1931ರ ಪ್ರಾಣಿಹಾನಿ ನಿಯಂತ್ರಣ ಕಾಯ್ದೆ ಒಕ್ಕೂಟ ಸರ್ಕಾರಕ್ಕೆ ಪರಭಕ್ಷಕಗಳನ್ನು ಕೊಲ್ಲುವ ಅಧಿಕಾರ ಕೊಟ್ಟಿತು. ಸ್ಟ್ರಿಕ್ನಿನ್, ಥ್ಯಾಲಿಯಮ್, ಆಮೇಲೆ 1080 ಎಂಬ ಸಂಖ್ಯೆಯಿಂದಲೇ ಹೆಸರಾದ ಸೋಡಿಯಂ ಫ್ಲೋರೋಅಸಿಟೇಟ್, ಹೀಗೆ ವಿಷದ ಮೇಲೆ ವಿಷ. ಹದ್ದು, ಕರಡಿ, ಸಾಕುನಾಯಿಗಳೂ ಅದನ್ನೇ ತಿಂದು ಸತ್ತವು. ಯೆಲ್ಲೋಸ್ಟೋನಿನಲ್ಲಿ ಅಧ್ಯಯನ ಮಾಡಿದ ಅಡಾಲ್ಫ್ ಮ್ಯೂರಿ 1940ರಲ್ಲೇ, ಕಯೋಟಿಯನ್ನು ಕೊಂದು ಜಿಂಕೆಗಳನ್ನು ಉಳಿಸುತ್ತೇವೆಂಬ ನಂಬಿಕೆಗೆ ಆಧಾರ ತೆಳು ಎಂದು ತೋರಿಸಿದ್ದ. ಆದರೂ 1972ರಲ್ಲಿ ಅಧ್ಯಕ್ಷ ನಿಕ್ಸನ್ ಒಕ್ಕೂಟದ ಭೂಮಿಯಲ್ಲಿ ಈ ವಿಷಗಳನ್ನು ತಡೆಯುವ ಆದೇಶ ಹೊರಡಿಸುವವರೆಗೆ ಅದು ನಡೆದೇ ಇತ್ತು. ಇಂದಿಗೂ ಕೃಷಿ ಇಲಾಖೆಯ ವನ್ಯಜೀವಿ ಸೇವಾ ವಿಭಾಗ ವರ್ಷಕ್ಕೆ ಐವತ್ತೈದರಿಂದ ಎಪ್ಪತ್ತು ಸಾವಿರ ಕಯೋಟಿಗಳನ್ನು ಕೊಲ್ಲುತ್ತದೆ, ಅದರಲ್ಲಿ ಎಷ್ಟೋ ಹೆಲಿಕಾಪ್ಟರಿನಿಂದ. ಖಾಸಗಿ ಬೇಟೆಗಾರರ ಲೆಕ್ಕ ಇದರ ಮೇಲೆ.

ಹಗಲಲ್ಲಿ ಇಷ್ಟು ಬೆನ್ನಟ್ಟಿದರೆ ಯಾವ ಪ್ರಾಣಿಯಾದರೂ ಏನು ಮಾಡೀತು? 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ, ಆರು ಖಂಡಗಳ 62 ಜಾತಿಯ ಸಸ್ತನಿಗಳ ಮಾಹಿತಿಯನ್ನು ಒಟ್ಟುಮಾಡಿದ ಅಧ್ಯಯನವೊಂದು, ಮನುಷ್ಯ ಕಾಟ ಕೊಟ್ಟಲ್ಲೆಲ್ಲ ಪ್ರಾಣಿಗಳು ರಾತ್ರಿಯ ಕಡೆಗೆ ಸರಿಯುತ್ತಿವೆ ಎಂದು ತೋರಿಸಿತು. ರಾತ್ರಿಯ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚಿತ್ತು. ಕಯೋಟಿ ಚಾಪೆ ಕೆಳಗೆ ನುಸುಳಿತು. ಮನುಷ್ಯ ರಂಗೋಲಿ ಕೆಳಗೆ ನುಸುಳುವ ಉಪಾಯ ಹುಡುಕಿದ.

ಕತ್ತಲಲ್ಲಿ ಕಾಣುವ ಮೂರು ಬಗೆ

ಮೊದಲಿದ್ದದ್ದು ಬ್ಯಾಟರಿ ಬೆಳಕು. ಕೆನೆತ್ ಆಂಡರ್ಸನ್‌ನ ಶಿಕಾರಿ ಕತೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಬಂದೂಕಿಗೆ ಬಿಗಿದ ಟಾರ್ಚು ಹೊಸದಲ್ಲ. ಪ್ರಾಣಿಯ ಕಣ್ಣಿನ ಹಿಂಭಾಗದಲ್ಲಿರುವ ಕನ್ನಡಿಯಂಥ ಪದರ ಬೆಳಕನ್ನು ತಿರುಗಿಸಿ ಕಳಿಸುತ್ತದೆ, ಕತ್ತಲಲ್ಲಿ ಎರಡು ಕೆಂಡ ಹೊಳೆಯುತ್ತವೆ. ನಾಯಿಯ ಜಾತಿಗೆ ಕೆಂಪು ಬಣ್ಣ ಮಸುಕಾಗಿ ಕಾಣುವುದರಿಂದ ಅಮೆರಿಕದ ಬೇಟೆಗಾರರು ಕೆಂಪು ಗಾಜಿನ ದೀಪ ಹಿಡಿದರು. ಆದರೆ ಪೆಟ್ಟು ತಿಂದು ಪಾಠ ಕಲಿತ ಕಯೋಟಿ ಕೆಂಪು ದೀಪವನ್ನೂ ಗುರುತಿಸತೊಡಗಿತು.

ಮುಂದಿನ ಹೆಜ್ಜೆ ಯುದ್ಧಭೂಮಿಯಿಂದ ಬಂತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನರು ‘ವ್ಯಾಂಪೈರ್’ ಎಂಬ ಇನ್‌ಫ್ರಾರೆಡ್ ದೀಪ-ದುರ್ಬೀನನ್ನು ರೈಫಲಿಗೆ ಹೊಂದಿಸಿದರು. 1945ರಲ್ಲಿ ಒಕಿನಾವಾದಲ್ಲಿ ಅಮೆರಿಕದ ಸೈನಿಕರ ಕೈಯಲ್ಲೂ ಅಂಥದ್ದೇ ಇತ್ತು. ಬೆನ್ನಿಗೆ ಬ್ಯಾಟರಿಯ ಹೊರೆ, ಬಂದೂಕಿನ ಮೇಲೆ ಹೆಡ್‌ಲೈಟಿನಷ್ಟು ದೀಪ. ಮನುಷ್ಯನ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ಕಾಣುತ್ತದೆ. ಅದರಾಚೆಯ ಬೆಳಕು ಚೆಲ್ಲಿ, ಅದನ್ನು ಕಾಣಬಲ್ಲ ಯಂತ್ರದಿಂದ ನೋಡಿದರೆ ಬೇಟೆಗಾರನಿಗೆ ಹಗಲು, ಬೇಟೆಗೆ ಇರುಳು. ಇಂದಿನ ಅಗ್ಗದ ಡಿಜಿಟಲ್ ನೈಟ್ ವಿಷನ್ ಕೆಲಸ ಮಾಡುವುದು ಇದೇ ತತ್ವದಲ್ಲಿ. ಜೊತೆಗೆ ಬರುವ ಇನ್‌ಫ್ರಾರೆಡ್ ದೀಪಗಳು ಎರಡು ಬಗೆ. 850 ನ್ಯಾನೋಮೀಟರಿನದ್ದು ದೂರಕ್ಕೆ ಬೀಳುತ್ತದೆ, ಆದರೆ ಎದುರಿನಿಂದ ನೋಡಿದರೆ ಬೀಡಿಯ ತುದಿಯಷ್ಟು ಕೆಂಪು ಕಾಣಿಸುತ್ತದೆ. 940ರದ್ದರಲ್ಲಿ ಆ ಕೆಂಪು ಇಲ್ಲ. ಅಷ್ಟು ಮರೆಯಾಗಿದ್ದಕ್ಕೆ ತೆರಬೇಕಾದ ಬೆಲೆ ಎಂದರೆ, ಸೆನ್ಸರಿಗೂ ಅದು ಕಡಿಮೆ ಕಾಣುತ್ತದೆ, ದೂರ ಕುಗ್ಗುತ್ತದೆ.

ಹೀಗೆ ಬೆಳಕು ಚೆಲ್ಲಿ ಕಾಣುವುದು ಮೊದಲ ಬಗೆ. ಎರಡನೆಯದು ಬೆಳಕು ಹಿಗ್ಗಿಸುವ ನಳಿಗೆ. ವಿಯೆಟ್ನಾಂ ಯುದ್ಧದ ‘ಸ್ಟಾರ್‌ಲೈಟ್’ ದುರ್ಬೀನು ಇದರ ಮೊದಲ ತಲೆಮಾರು. ನಕ್ಷತ್ರದ ಬೆಳಕು ಒಳಬದಿಯ ಪದರಕ್ಕೆ ಬಡಿದಾಗ ಎಲೆಕ್ಟ್ರಾನುಗಳು ಚಿಮ್ಮುತ್ತವೆ, ಅವನ್ನು ಸಾವಿರಾರು ಪಟ್ಟು ಹೆಚ್ಚಿಸಿ ಫಾಸ್ಫರ್ ಪರದೆಗೆ ಬಡಿದರೆ ಹಸಿರು ಚಿತ್ರ. ಮೋಡ ಕವಿದ ಅಮಾವಾಸ್ಯೆಯಲ್ಲಿ ಹಿಗ್ಗಿಸಲು ಬೆಳಕೇ ಇಲ್ಲದೆ ಇದೂ ಸೋಲುತ್ತದೆ, ಆಗ ಇದಕ್ಕೂ ಇನ್‌ಫ್ರಾರೆಡ್ ದೀಪದ ಆಸರೆ ಬೇಕು.

ಮೂರನೆಯದಾದ ಥರ್ಮಲ್‌ಗೆ ಬೆಳಕೇ ಬೇಡ. ಬಿಸಿಯಿರುವ ಪ್ರತಿ ವಸ್ತುವೂ ಹೊರಸೂಸುವ 8ರಿಂದ 14 ಮೈಕ್ರಾನಿನ ದೀರ್ಘ ಇನ್‌ಫ್ರಾರೆಡ್ ಅಲೆಗಳನ್ನು ಜರ್ಮೇನಿಯಂ ಮಸೂರ ಒಟ್ಟುಗೂಡಿಸುತ್ತದೆ, ಮೈಕ್ರೋಬೋಲೋಮೀಟರ್ ಎಂಬ ಚಿಪ್ ಅದನ್ನು ಚಿತ್ರವಾಗಿಸುತ್ತದೆ. ತಣ್ಣನೆಯ ಹೊಲದಲ್ಲಿ ಇಲಿ ಓಡಿದರೂ ಕಾಣುತ್ತದೆ. ಆಗಷ್ಟೇ ನಿಲ್ಲಿಸಿದ ಟ್ರಕ್ಕಿನ ಬಾನೆಟ್ಟು ಒಲೆಯಂತೆ ಉರಿಯುತ್ತದೆ, ಸಂಜೆಯ ಬಿಸಿಲು ಕುಡಿದ ಬೇಲಿಕಂಬ ರಾತ್ರಿ ಎಂಟರವರೆಗೂ ಮಿನುಗುತ್ತದೆ. ಆದರೆ ಅದೇ ಟ್ರಕ್ಕಿನ ಕಿಟಕಿ ಗಾಜಿನಾಚೆ ಏನಿದೆಯೋ ಕಾಣದು. ಗಾಜು ಈ ಅಲೆಗಳಿಗೆ ಗೋಡೆ. ಚಳಿಗಾಲದ ದಟ್ಟ ತುಪ್ಪಳ ಮೈಬಿಸಿಯನ್ನು ಒಳಗೇ ಹಿಡಿದಿಡುವುದರಿಂದ ಕಯೋಟಿಯ ಮೈಗಿಂತ ಅದರ ಕಣ್ಣು, ಮುಖ ಹೆಚ್ಚು ಬೆಳ್ಳಗೆ ಕಾಣುತ್ತವೆ. ಮನುಷ್ಯನಿಗೆ ಬೆಂಕಿ ತಂದುಕೊಟ್ಟವನು ಈಗ ತನ್ನ ಮೈಯೊಳಗಿನ ಬೆಂಕಿಯಿಂದಲೇ ಸಿಕ್ಕಿಬೀಳುತ್ತಾನೆ.

ಬೇಟೆಗಾರರು ಇಲ್ಲಿ ಒಂದು ಮುಖ್ಯ ವ್ಯತ್ಯಾಸ ಹೇಳುತ್ತಾರೆ: ಕಾಣುವ ದೂರ ಬೇರೆ, ಗುರುತಿಸುವ ದೂರ ಬೇರೆ. ಒಳ್ಳೆಯ ಥರ್ಮಲ್ ಸಾವಿರ ಮೀಟರಿನಾಚೆ ‘ಏನೋ ಇದೆ’ ಎನ್ನುತ್ತದೆ. ಅದು ನಾಲ್ಕು ಕಾಲಿನದು ಎನ್ನಲು ದೂರ ಅರ್ಧಕ್ಕಿಳಿಯಬೇಕು, ಕಯೋಟಿಯೋ ನಾಯಿಯೋ ಕರುವೋ ಎನ್ನಲು ಇನ್ನೂ ಹತ್ತಿರ ಬರಬೇಕು. ಥರ್ಮಲ್ ಚಿತ್ರದಲ್ಲಿ ಬಣ್ಣವಿಲ್ಲ, ಕೂದಲಿನ ವಿವರವಿಲ್ಲ. ಅನುಭವಿಗಳು ನಡಿಗೆಯಿಂದ, ಬಾಲ ಜೋತ ರೀತಿಯಿಂದ ಅಂದಾಜು ಮಾಡುತ್ತಾರೆ. ಅದಕ್ಕೇ ಅನೇಕರು ಥರ್ಮಲ್‌ನಿಂದ ಹುಡುಕಿ, ಇನ್‌ಫ್ರಾರೆಡ್ ದೀಪವಿರುವ ನೈಟ್ ವಿಷನ್‌ನಿಂದ ಖಾತ್ರಿ ಮಾಡಿಕೊಂಡು, ಹಿಂದೆ ಮನೆಯೋ ರಸ್ತೆಯೋ ಇಲ್ಲವೆಂದು ತಿಳಿದ ಮೇಲೆ ಬಂದೂಕಿನ ಕುದುರೆಗೆ ಬೆರಳಿಡುತ್ತಾರೆ. ಗುಂಡು ಪ್ರಾಣಿಯ ಹತ್ತಿರ ನಿಲ್ಲುತ್ತದೆಂಬ ಖಾತ್ರಿ ಇಲ್ಲ. ಕತ್ತಲಲ್ಲಿ ಅದು ಎಲ್ಲಿ ಹೋಯಿತೆಂದು ಯಾವ ದುರ್ಬೀನೂ ಹೇಳುವುದಿಲ್ಲ.

ರಾಜ್ಯಕ್ಕೊಂದು ಕಾನೂನು

ಬೇಟೆಯ ಕಾನೂನು ಅಮೆರಿಕದಲ್ಲಿ ಬಹುಮಟ್ಟಿಗೆ ರಾಜ್ಯಗಳ ಕೈಯಲ್ಲಿದೆ. ಗಡಿ ದಾಟಿದರೆ ನ್ಯಾಯವೇ ಬದಲಾಗುತ್ತದೆ. ಟೆಕ್ಸಾಸ್‌ನಲ್ಲಿ ಜಮೀನಿನ ಒಡೆಯನ ಒಪ್ಪಿಗೆಯಿದ್ದರೆ ಖಾಸಗಿ ಭೂಮಿಯಲ್ಲಿ ವರ್ಷವಿಡೀ, ಹಗಲಿರುಳು ಕಯೋಟಿ ಬೇಟೆ ನಡೆಯುತ್ತದೆ, ಸಂಖ್ಯೆಗೆ ಮಿತಿಯಿಲ್ಲ. ಪೆನ್ಸಿಲ್ವೇನಿಯಾ 2020ರ ಕೊನೆಯಲ್ಲಿ ಬಂದ ಶಾಸನದ ಬಳಿಕ ತುಪ್ಪಳದ ಪ್ರಾಣಿಗಳ ಬೇಟೆಗೆ ನೈಟ್ ವಿಷನ್ ಮತ್ತು ಥರ್ಮಲ್‌ಗೆ ಬಾಗಿಲು ತೆರೆಯಿತು. ಕಾನ್ಸಾಸ್ 2021ರಲ್ಲಿ ಮೊದಲ ಸಲ ಬಿಟ್ಟಾಗ ವಿಶೇಷ ಪರವಾನಗಿ ಕಡ್ಡಾಯ ಮಾಡಿ, ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಿಗೆ ಸೀಮಿತಗೊಳಿಸಿತು. ಜಿಂಕೆಯ ಕಳ್ಳಬೇಟೆಗೆ ಇದು ಮುಸುಕಾದೀತೆಂಬ ಭಯ ಇಂಥ ಚರ್ಚೆಗಳಲ್ಲೆಲ್ಲ ಕೇಳಿಬರುತ್ತದೆ. ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾ. ಅಲ್ಲಿನ ದಂಡಸಂಹಿತೆಯ 468ನೇ ಕಲಮಿನ ಪ್ರಕಾರ, ಇನ್‌ಫ್ರಾರೆಡ್ ಬೆಳಕು ಚೆಲ್ಲಿ ರಾತ್ರಿ ಗುರಿ ಹಿಡಿಯಲೆಂದು ಬಂದೂಕಿಗಾಗಿ ಮಾಡಿದ ಸ್ಕೋಪನ್ನು ಇಟ್ಟುಕೊಳ್ಳುವುದೇ ಅಪರಾಧ.

ಮಿಷಿಗನ್ 2024ರಲ್ಲಿ ಮರಿ ಸಾಕುವ ಕಾಲವಾದ ಏಪ್ರಿಲ್ ನಡುವಿನಿಂದ ಜುಲೈ ನಡುವಿನವರೆಗೆ ಬೇಟೆಯ ಋತುವನ್ನು ಮುಚ್ಚಿತು. ತಾಯಿ ಸತ್ತರೆ ಗುಹೆಯಲ್ಲಿ ಮರಿಗಳು ಉಪವಾಸ ಸಾಯುತ್ತವೆ, ಅದನ್ನು ಕಂಡ ಜನ ಬೇಟೆಗೇ ತಿರುಗಿಬೀಳುತ್ತಾರೆ ಎಂಬ ಮಾತು ಬೇಟೆಗಾರರ ನಡುವೆಯೂ ಇತ್ತು. ಹೆಚ್ಚು ಕೊಂದವರಿಗೆ ಬಹುಮಾನ ಕೊಡುವ ಪಂದ್ಯಗಳ ವಿಷಯದಲ್ಲಂತೂ ಗಾಳಿ ತಿರುಗಿದೆ. 2014ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ನಿಷೇಧಿಸಿತು. ವರ್ಮಾಂಟ್, ನ್ಯೂ ಮೆಕ್ಸಿಕೋ, ಅರಿಜೋನಾ, ಮ್ಯಾಸಚೂಸೆಟ್ಸ್, ಕೊಲೊರಾಡೊ, ವಾಷಿಂಗ್ಟನ್, ಮೇರಿಲ್ಯಾಂಡ್, ಆರೆಗನ್, ನ್ಯೂಯಾರ್ಕ್ ಹಿಂಬಾಲಿಸಿದವು. ಟ್ರಕ್ಕಿನ ಹಿಂದೆ ಕಯೋಟಿಗಳನ್ನು ಸಾಲಾಗಿ ಮಲಗಿಸಿ ತೂಕ ಹಾಕುವ ಚಿತ್ರಗಳು ಊರಿನವರಿಗಷ್ಟೇ ಅಲ್ಲ, ಎಷ್ಟೋ ಹಳೆಯ ಬೇಟೆಗಾರರಿಗೂ ಮುಜುಗರ ತಂದವು. ತುಪ್ಪಳಕ್ಕೆ ಬೆಲೆಯಿದ್ದಾಗ ಸುಲಿದ ಚರ್ಮವಾದರೂ ಮಾರಾಟವಾಗುತ್ತಿತ್ತು. ಜಾಕೆಟ್ಟಿನ ಟೋಪಿಯ ಅಂಚಿಗೆ ಕಯೋಟಿ ತುಪ್ಪಳ ಹೊಲಿದು ಹೆಸರಾದ ಕೆನಡಾ ಗೂಸ್ ಕಂಪನಿ 2021ರಲ್ಲಿ ಅದನ್ನು ಕೈಬಿಡುವುದಾಗಿ ಸಾರಿತು.

ಕೊಂದಷ್ಟೂ ಹುಟ್ಟುವ ಲೆಕ್ಕ

ಇಷ್ಟೆಲ್ಲ ಮಾಡಿ ಕಯೋಟಿ ಕಡಿಮೆಯಾಯಿತೇ? ಜೀವವಿಜ್ಞಾನಿಗಳ ಉತ್ತರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎನ್ನುವುದಕ್ಕೆ ಸಮೀಪ. 1975ರಲ್ಲಿ ಕಾನೊಲಿ ಮತ್ತು ಲಾಂಗ್‌ಹರ್ಸ್ಟ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಹಾಕಿದರು: ವರ್ಷ ವರ್ಷವೂ ನೂರಕ್ಕೆ ಎಪ್ಪತ್ತೈದರಷ್ಟು ಕಯೋಟಿಗಳನ್ನು ಬಿಡದೆ ಕೊಂದರೂ, ಪೂರ್ತಿ ಅಳಿಸಲು ಐವತ್ತು ವರ್ಷ ಬೇಕು. ಕಾರಣ ಅವುಗಳ ಸಂಸಾರದ ಕ್ರಮದಲ್ಲಿದೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಮರಿ ಹಾಕುವುದು ಯಜಮಾನ ಜೋಡಿ ಮಾತ್ರ. ಅದು ಸತ್ತರೆ ಕಿರಿಯ ಹೆಣ್ಣುಗಳಿಗೆ ದಾರಿ ತೆರೆಯುತ್ತದೆ. ಬಾಯಿ ಕಡಿಮೆಯಾಗಿ ಆಹಾರ ಹೆಚ್ಚಾದಾಗ ಹುಟ್ಟಿದ ಮರಿಗಳಲ್ಲಿ ಬದುಕುವವು ಹೆಚ್ಚು. ಖಾಲಿಯಾದ ಜಾಗಕ್ಕೆ ನೆಲೆಯಿಲ್ಲದೆ ಅಲೆಯುತ್ತಿದ್ದ ಒಂಟಿಗಳು ಬಂದು ಸೇರುತ್ತವೆ.

ಹಾಗೆಂದು ಕೊಲ್ಲುವುದೆಲ್ಲ ವ್ಯರ್ಥ ಎನ್ನುವುದೂ ಪೂರ್ತಿ ಸರಿಯಲ್ಲ. ಕ್ಯಾಲಿಫೋರ್ನಿಯಾದ ಹಾಪ್‌ಲ್ಯಾಂಡ್ ಸಂಶೋಧನಾ ಕೇಂದ್ರದ ಕೆಲಸ ಇಲ್ಲಿ ಮುಖ್ಯ. ಕುರಿ ಕೊಲ್ಲುವ ಕೆಲಸ ಬಹುಪಾಲು ಆ ಜಾಗದ ಯಜಮಾನ ಜೋಡಿಯದ್ದು ಎಂದು ಅಲ್ಲಿ ಕಂಡುಬಂತು. ಕುರಿ ಇರುವ ಜಾಗದ ಆ ಜೋಡಿಯನ್ನೇ ತೆಗೆದರೆ ಹೊಸ ಜೋಡಿ ಬಂದು ನೆಲೆಯೂರುವವರೆಗೆ ನಷ್ಟ ತಗ್ಗಿತು. ಎಲ್ಲೋ ಸಿಕ್ಕ ಯಾವುದೋ ಕಯೋಟಿಯನ್ನು ಹೊಡೆದರೆ ಅಂಥ ಲಾಭವಿಲ್ಲ. ಯೂಟಾದ ಒಂದು ಅಧ್ಯಯನದಲ್ಲಿ ಜೋಡಿಗಳಿಗೆ ಸಂತಾನಹರಣ ಮಾಡಿ ಅಲ್ಲೇ ಬಿಟ್ಟಾಗಲೂ ಕುರಿಮರಿಗಳ ಸಾವು ಇಳಿಯಿತು. ಸಾಕಬೇಕಾದ ಮರಿಗಳಿಲ್ಲದ ಮೇಲೆ ದೊಡ್ಡ ಬೇಟೆಯ ಅಗತ್ಯವೂ ಕಡಿಮೆ. ಅದೇ ಯೂಟಾ 2012ರ ಕಾನೂನಿನ ಮೂಲಕ ಜಿಂಕೆ ಉಳಿಸಲೆಂದು ಕಯೋಟಿ ತಲೆಗೆ 50 ಡಾಲರ್ ಬಹುಮಾನ ಇಟ್ಟಿತೆನ್ನುವುದೂ ನಿಜ. ಒಂದೇ ರಾಜ್ಯದಲ್ಲಿ ಸಂಶೋಧನೆ ಒಂದು ಕಡೆ, ರಾಜಕಾರಣ ಇನ್ನೊಂದು ಕಡೆ.

ಇಲ್ಲಿ ಇರುಳು ಬೇಟೆಯ ಒಳತೊಡಕು ಕಾಣುತ್ತದೆ. ಉಪಯೋಗವಾಗಬೇಕಾದರೆ ತಪ್ಪಿತಸ್ಥ ಕಯೋಟಿಯನ್ನೇ ಹೊಡೆಯಬೇಕು. ಮೊಲದ ಚೀರಾಟ ಕೇಳಿ ಓಡಿಬರುವುದು ಮಾತ್ರ ಹೆಚ್ಚಾಗಿ ಲೋಕ ಕಾಣದ ಎಳೆಯದು, ಹಸಿದ ಅಲೆಮಾರಿ. ಯಜಮಾನ ಜೋಡಿ ಬಳಸಿಕೊಂಡು ಗಾಳಿ ಮೂಸಿ ಹಿಂದಕ್ಕೆ ಸರಿಯುತ್ತದೆ. ಆದರೆ ಕುರಿ ದೊಡ್ಡಿಯ ಬದಿಯಲ್ಲೇ ನಾಲ್ಕು ರಾತ್ರಿ ಥರ್ಮಲ್ ಹಿಡಿದು ಕಾದು, ಬಂದದ್ದನ್ನೇ ಹೊಡೆಯುವ ರ‍್ಯಾಂಚಿನವನ ವಾದ ಬೇರೆ. ವಿಷ, ಉರುಲಿಗಿಂತ ಇದು ನಿಖರ, ಬೇರೆ ಪ್ರಾಣಿ ಸಾಯುವುದಿಲ್ಲ ಎನ್ನುತ್ತಾನೆ. ಗುರುತು ಖಚಿತವಾಗಿರುವಷ್ಟು ಮಟ್ಟಿಗೆ ಅವನ ಮಾತು ನಿಜ.

ಬೇರೆ ದಾರಿಗಳೂ ಇವೆ. ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿ 2000ದ ಆಚೀಚೆ ಸರ್ಕಾರಿ ಬೋನುಗಾರರನ್ನು ಬಿಟ್ಟು, ಅದೇ ಹಣವನ್ನು ಬೇಲಿಗೆ, ಕಾವಲು ನಾಯಿಗಳಿಗೆ, ಲಾಮಾಗಳಿಗೆ ಕೊಡತೊಡಗಿತು. ಗ್ರೇಟ್ ಪಿರನೀಸ್‌ನಂಥ ದೊಡ್ಡ ಬಿಳಿ ನಾಯಿ ಕುರಿಗಳ ಜೊತೆಯೇ ಬೆಳೆದು, ಕುರಿಗಳ ನಡುವೆಯೇ ಮಲಗುತ್ತದೆ. ಕೊಪ್ಪಳದ, ಗದಗಿನ ಬಯಲಲ್ಲಿ ಹಟ್ಟಿಯ ಸುತ್ತ ಬಲೆ ಕಟ್ಟಿ, ನಾಯಿ ಸಾಕಿ ತೋಳದ ಜೊತೆ ಬದುಕುವ ನಮ್ಮ ಕುರಿಗಾಹಿಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಬೇಟೆಯೇ ಅಪರಾಧವಾಗಿರುವ ನಮ್ಮಲ್ಲಿ ಥರ್ಮಲ್ ಕ್ಯಾಮೆರಾ ಆನೆ, ಚಿರತೆಗಳ ಜಾಡು ಹಿಡಿಯುವ ಅರಣ್ಯ ಇಲಾಖೆಯ ಡ್ರೋನಿಗೆ ಏರಿದೆ. ಕಣ್ಣು ಒಂದೇ, ಅದರ ಹಿಂದಿರುವ ಬೆರಳು ಬೇರೆ.

ಕಿತ್ತಳೆ ಬಣ್ಣದ ಕೊರಳಪಟ್ಟಿ

ಗುರುತಿನ ಪ್ರಶ್ನೆ ಅತಿ ತೀವ್ರವಾಗಿ ಎದ್ದದ್ದು ನಾರ್ತ್ ಕ್ಯಾರೊಲೈನಾದ ಪೂರ್ವದ ಜೌಗು ನೆಲದಲ್ಲಿ. ಅಲ್ಲಿ ಕೆಂಪು ತೋಳವಿದೆ. 1980ರಲ್ಲಿ ಕಾಡಿನಿಂದ ಅಳಿದುಹೋಯಿತೆಂದು ಘೋಷಿಸಲಾಗಿದ್ದ ಈ ಜಾತಿಯನ್ನು ಬೋನಿನಲ್ಲಿ ಸಾಕಿ ಬೆಳೆಸಿ, 1987ರಲ್ಲಿ ಅಲಿಗೇಟರ್ ರಿವರ್ ವನ್ಯಜೀವಿಧಾಮಕ್ಕೆ ಬಿಟ್ಟರು. ಸಂಖ್ಯೆ ನೂರು ದಾಟಿದ ಕಾಲವೂ ಇತ್ತು. ಅಷ್ಟರಲ್ಲಿ ಪಶ್ಚಿಮದಿಂದ ಕಯೋಟಿಗಳೂ ಬಂದು ತಲುಪಿದವು. ಬೆಳೆದ ಕೆಂಪು ತೋಳ ದೊಡ್ಡದು. ಆದರೆ ವರ್ಷ ತುಂಬದ ತೋಳ, ದೊಡ್ಡ ಗಂಡು ಕಯೋಟಿ ಇವೆರಡನ್ನು ಹಗಲಲ್ಲಿ ಪಕ್ಕಪಕ್ಕ ನಿಲ್ಲಿಸಿದರೂ ತಿಳಿದವರೇ ತಡವರಿಸುತ್ತಾರೆ.

2012ರಲ್ಲಿ ರಾಜ್ಯ ವನ್ಯಜೀವಿ ಆಯೋಗ ದೀಪ ಹಿಡಿದು ರಾತ್ರಿ ಕಯೋಟಿ ಹೊಡೆಯಲು ಅನುಮತಿ ಕೊಟ್ಟಿತು. ಗುಂಡಿಗೆ ಬಲಿಯಾಗುವ ತೋಳಗಳ ವಿಷಯ ಹಿಡಿದು ಸಂರಕ್ಷಣಾ ಸಂಘಟನೆಗಳು ನ್ಯಾಯಾಲಯಕ್ಕೆ ಹೋದವು. 2014ರ ಮೇ ತಿಂಗಳಲ್ಲಿ ಒಕ್ಕೂಟ ನ್ಯಾಯಾಧೀಶರು ತೋಳಗಳಿರುವ ಐದು ಕೌಂಟಿಗಳಲ್ಲಿ ಕಯೋಟಿ ಬೇಟೆಯನ್ನು ಬಹುಮಟ್ಟಿಗೆ ತಡೆದರು. ಅದೇ ವರ್ಷದ ಕೊನೆಯ ರಾಜಿಯಲ್ಲಿ ಹಗಲು ಬೇಟೆಗೆ ಷರತ್ತಿನ ಒಪ್ಪಿಗೆ ಸಿಕ್ಕಿತು, ಇರುಳು ಬೇಟೆ ಅಲ್ಲಿ ನಿಂತಿತು. ಆದರೂ 2020ರ ಹೊತ್ತಿಗೆ ಕಾಡಿನಲ್ಲಿ ಖಚಿತವಾಗಿ ಗೊತ್ತಿದ್ದ ಕೆಂಪು ತೋಳಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟುತ್ತಿರಲಿಲ್ಲ. ವಾಹನ, ಗುಂಡು, ಕಯೋಟಿಯ ಜೊತೆ ಬೆರಕೆ, ಎಲ್ಲವೂ ಸೇರಿದ್ದವು.

ವಿಚಿತ್ರವೆಂದರೆ, ತೋಳ ಉಳಿಸುವವರು ಅಲ್ಲಿ ಕಯೋಟಿಯನ್ನೇ ಕಾವಲಿಗೆ ಇಟ್ಟಿದ್ದಾರೆ. ಕಯೋಟಿಗಳನ್ನು ಹಿಡಿದು ಸಂತಾನಹರಣ ಮಾಡಿ, ಅವುಗಳ ಜಾಗಕ್ಕೇ ಮರಳಿ ಬಿಡುತ್ತಾರೆ. ಅವು ತಮ್ಮ ಸೀಮೆಗೆ ಬೇರೆ ಕಯೋಟಿಗಳನ್ನು ಬಿಟ್ಟುಕೊಳ್ಳುವುದಿಲ್ಲ, ತೋಳದ ಜೊತೆ ಕೂಡಿದರೂ ಬೆರಕೆ ಮರಿ ಹುಟ್ಟುವುದಿಲ್ಲ, ತೋಳಕ್ಕೆ ಜೋಡಿ ಸಿಕ್ಕಿದ ದಿನ ಅವು ಜಾಗ ಬಿಡಬೇಕಾಗುತ್ತದೆ. ಅಂಥದ್ದೊಂದನ್ನು ಹೊಡೆದವನು ಕೊಂದದ್ದು ಕಯೋಟಿಯನ್ನೇ, ಆದರೆ ಹೊಡೆತ ಬಿದ್ದದ್ದು ತೋಳಕ್ಕೆ. ಇನ್ನು, 2021ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಬಳಿ ಕಯೋಟಿಯೆಂದು ಹೊಡೆದ ಮೂವತ್ತೆಂಟು ಕಿಲೋದ ಪ್ರಾಣಿ ತೋಳವೆಂದು ಆಮೇಲೆ ಡಿಎನ್‌ಎ ಪರೀಕ್ಷೆ ಹೇಳಿತು. ಕೈಯಲ್ಲಿ ಹಿಡಿದು ತೂಗಿದ ಮೇಲೂ ಗುರುತಿಗೆ ಪ್ರಯೋಗಾಲಯ ಬೇಕಾಯಿತೆಂದರೆ, ಇನ್ನೂರು ಮೀಟರ್ ದೂರದ ಬಿಳಿ ಆಕೃತಿಯ ಬಗ್ಗೆ ಏನು ಹೇಳುವುದು?

ನಾರ್ತ್ ಕ್ಯಾರೊಲೈನಾದಲ್ಲಿ ತೋಳ ಉಳಿಸುವವರು ಅದಕ್ಕೊಂದು ಉಪಾಯ ಮಾಡಿದ್ದಾರೆ. ಕೆಂಪು ತೋಳಗಳ ಕೊರಳಿಗೆ ಗಾಢ ಕಿತ್ತಳೆ ಬಣ್ಣದ, ಬೆಳಕು ಬಿದ್ದರೆ ಫಳಫಳ ಹೊಳೆಯುವ ಪಟ್ಟಿ ಕಟ್ಟುತ್ತಾರೆ. ಹಗಲಿನ ಬೇಟೆಗಾರನಿಗೆ ಬಣ್ಣ ಕಾಣುತ್ತದೆ. ಟಾರ್ಚು ಹಿಡಿದವನಿಗೆ ಹೊಳಪು ಕಾಣುತ್ತದೆ, ಇನ್‌ಫ್ರಾರೆಡ್ ದೀಪ ಚೆಲ್ಲಿದವನಿಗೂ ಒಂದು ಬಿಳಿ ಮಿಂಚು ಸಿಕ್ಕೀತು. ಬರೀ ಮೈಬಿಸಿಯನ್ನು ನೋಡುವ ಥರ್ಮಲ್ ಕಣ್ಣಿಗೆ ಮಾತ್ರ ಕಿತ್ತಳೆಯೂ ಇಲ್ಲ, ಹೊಳಪೂ ಇಲ್ಲ. ಕೊರಳ ಬಳಿ ಕೊಂಚ ತಣ್ಣನೆಯ ಗೆರೆಯೊಂದು ಕಂಡರೆ ಕಂಡೀತು, ಹೊಲದಾಚೆಯಿಂದ ಅದೂ ಇಲ್ಲ. ಮೂರು ಕಣ್ಣುಗಳಲ್ಲಿ ಅತ್ಯಂತ ದೂರ ಕಾಣುವುದಕ್ಕೇ, ಹೊಡೆಯಬೇಡ ಎಂದು ಮನುಷ್ಯನೇ ಬರೆದು ಕಟ್ಟಿದ ಚೀಟಿ ಓದಲು ಬಾರದು. ಆ ಚೀಟಿ ಓದುವಷ್ಟು ಹತ್ತಿರ ಅದು ಬರುವವರೆಗೆ ಬೆರಳು ಕುದುರೆಯಿಂದ ದೂರವಿರಬೇಕೆಂದು ಯಾವ ಸ್ಕೋಪೂ ಹೇಳಿಕೊಡುವುದಿಲ್ಲ. ಹೊಲದಲ್ಲಿ ಕೂತವನೇ ಅದನ್ನು ಕಲಿಯಬೇಕು.